ಎರಡು, ಒಂದು, ಸೊನ್ನೆ: ಗಣಿತ ಶಿಕ್ಷಕಿಯ ದಿನಚರಿಯಿಂದ

ಡಿಸೆಂಬರ್ 2, ಸೋಮವಾರ. ಹುಮನಾಬಾದ್

ಹತ್ತನೆಯ ತರಗತಿಗೆ ವರ್ಗ ಸಮೀಕರಣ ಮುಗಿಯಿತೆಂದು ವಹಿಯಲ್ಲಿ ಬರೆದು ಸಹಿ ಹಾಕಿದೆ. ಸೂತ್ರ ಎಲ್ಲರಿಗೂ ಬಾಯಿಪಾಠ. ಕೊನೆಯ ಬೆಂಚಿನವರೂ ಒಂದೇ ಉಸಿರಿಗೆ ಹೇಳುತ್ತಾರೆ. ಸುಮ್ಮನಿರದೆ ಕೇಳಿದೆ: "ಎರಡು ಉತ್ತರ ಯಾಕ ಬರ್ತಾವ?" ಮುಂದಿನ ಸಾಲಿನ ಹುಡುಗ ತಡಮಾಡಲಿಲ್ಲ: "ಪ್ಲಸ್ ಮೈನಸ್ ಅದ ಅಲ್ರಿ ಮೇಡಂ, ಅದಕ್ಕ."

ಪ್ಲಸ್ ಮೈನಸ್ ಯಾಕೆ ಬಂತು ಎನ್ನುವ ಪ್ರಶ್ನೆ ಹಾಗೇ ಉಳಿಯಿತು. ಬುಕ್ಕು ಮುಚ್ಚಿಸಿ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿನ ಕೋತಿಗಳ ಲೆಕ್ಕ ಹೇಳಿದೆ. ಒಂದು ಹಿಂಡು. ಅದರ ಎಂಟನೆಯ ಒಂದು ಪಾಲಿನ ವರ್ಗದಷ್ಟು ಕೋತಿಗಳು ಕಾಡಿನಲ್ಲಿ ಕುಣಿಯುತ್ತಿವೆ. ಉಳಿದ 12 ಗುಡ್ಡದ ಮೇಲಿವೆ. ಹಿಂಡಿನಲ್ಲಿ ಒಟ್ಟು ಎಷ್ಟು?

ಸೂತ್ರ ಹಾಕಿ 16 ಮತ್ತು 48 ತೆಗೆದರು. ತೆಗೆದವರೇ ಗಾಬರಿಯಾದರು, ಏಕೆಂದರೆ ಎರಡೂ ಸರಿ. 16ರ ಎಂಟನೇ ಒಂದು ಪಾಲು 2, ಅದರ ವರ್ಗ 4, ಗುಡ್ಡದ 12 ಕೂಡಿಸಿದರೆ 16. 48ರದು 6, ಅದರ ವರ್ಗ 36, 12 ಕೂಡಿಸಿದರೆ 48. "ಹಿಂಡು ಒಂದೇ ಇದ್ದಾಗ ಎರಡೂ ಖರೇ ಹೆಂಗ ಆಗ್ತಾವ್ರಿ?" ಎಂದು ಕಿಟಕಿ ಪಕ್ಕದ ಹುಡುಗಿ ಕೇಳಿದಳು. ಈ ಪಾಠಕ್ಕೆ ಬೇಕಾದ ಪ್ರಶ್ನೆಯೇ ಅದು.

ಗ್ರಾಫ್ ಹಾಳೆ ಹಂಚಿದೆ. ಅಡ್ಡಕ್ಕೆ ಹಿಂಡಿನ ಸಂಖ್ಯೆ, ನೇರಕ್ಕೆ ಕಾಡು ಮತ್ತು ಗುಡ್ಡ ಸೇರಿದ ಲೆಕ್ಕ. ಎಂಟೆಂಟರ ಹೆಜ್ಜೆ ಹಾಕಿದರೆ ಎಲ್ಲವೂ ಪೂರ್ಣಾಂಕ: 0ಕ್ಕೆ 12, 8ಕ್ಕೆ 13, 16ಕ್ಕೆ 16, 24ಕ್ಕೆ 21, 32ಕ್ಕೆ 28, 40ಕ್ಕೆ 37, 48ಕ್ಕೆ 48, 56ಕ್ಕೆ 61. ಬಿಂದುಗಳನ್ನು ಕೂಡಿಸಿದಾಗ ಪರವಲಯ ಎದ್ದು ಬಂತು. ಇನ್ನು ಲೆಕ್ಕ ಸರಿಹೋಗಬೇಕಾದರೆ ಅಡ್ಡದ ಸಂಖ್ಯೆಯೂ ನೇರದ ಸಂಖ್ಯೆಯೂ ಒಂದೇ ಇರಬೇಕು. ಅದು ಮೂಲಬಿಂದುವಿನಿಂದ 45 ಡಿಗ್ರಿಗೆ ಏರುವ ಸರಳರೇಖೆ. ಅದನ್ನೂ ಎಳೆಸಿದೆ. ರೇಖೆ ಪರವಲಯವನ್ನು 16ರಲ್ಲಿ ಹೊಕ್ಕು 48ರಲ್ಲಿ ಹೊರಬಿತ್ತು.

ಗದ್ದಲ ಹಾಕುವ ತರಗತಿ ಕೆಲ ಹೊತ್ತು ಹಾಳೆಯಿಂದ ತಲೆ ಎತ್ತಲಿಲ್ಲ.

ಭಾಸ್ಕರರು ಹುಟ್ಟಿದ್ದು 1114ರಲ್ಲಿ. 36ನೆಯ ವಯಸ್ಸಿಗೆ, 1150ರಲ್ಲಿ, ಸಿದ್ಧಾಂತ ಶಿರೋಮಣಿ ಮುಗಿಸಿದರು. ಆಗ ನಮ್ಮ ಕಲ್ಯಾಣದಲ್ಲಿ ಇನ್ನೂ ಚಾಲುಕ್ಯರ ಸಿಂಹಾಸನವಿತ್ತು. ಬಿಜ್ಜಳ, ಬಸವಣ್ಣ, ಅನುಭವ ಮಂಟಪ ಎಲ್ಲ ಅದೇ ತಲೆಮಾರಿನ ಮಾತು. ವಿಜಯಪುರದವರು ಭಾಸ್ಕರ ನಮ್ಮವನೆನ್ನುತ್ತಾರೆ, ಚಾಳಿಸಗಾಂವದವರು ನಮ್ಮವನೆನ್ನುತ್ತಾರೆ. ಭಾಸ್ಕರರು ಪರವಲಯ ಎಳೆದವರಲ್ಲ. ವರ್ಗ ಪೂರ್ಣಗೊಳಿಸಿ ಬೀಜಗಣಿತದಿಂದಲೇ ಉತ್ತರ ತೆಗೆದರು. ಆದರೂ ಅವರ ಕೋತಿಗಳು ನಮ್ಮ ಹಾಳೆಯ ಮೇಲೆ ಕರಾರುವಾಕ್ಕಾಗಿ ಎರಡು ಛೇದನ ಬಿಂದುಗಳಲ್ಲಿ ಬಂದು ಕೂತವು.

ಡಿಸೆಂಬರ್ 4, ಬುಧವಾರ

ಇವತ್ತು ಗುಡ್ಡದ ಮೇಲಿನ ಕೋತಿಗಳನ್ನು ಹೆಚ್ಚಿಸಿದೆ. 12ರ ಬದಲು 16. ಪರವಲಯದ ಆಕಾರ ಬದಲಾಗುವುದಿಲ್ಲ, ಇಡಿಯಾಗಿ 4 ಮನೆ ಮೇಲೆ ಸರಿಯುತ್ತದೆ ಅಷ್ಟೆ. ಮೊದಲ ಹಾಳೆಯ ಮೇಲೆ ಎಣ್ಣೆ ಕಾಗದ ಇಟ್ಟು ಅದೇ ಗೆರೆ ತಿದ್ದಿ, ಕಾಗದವನ್ನು ಮೇಲೆ ಜರುಗಿಸಲು ಹೇಳಿದೆ. ರೇಖೆ ಪರವಲಯವನ್ನು ಒಂದೇ ಕಡೆ, 32ರಲ್ಲಿ, ಮುಟ್ಟಿತು. ಮುಟ್ಟಿತು ಅಷ್ಟೇ, ಒಳಗೆ ಹೋಗಲಿಲ್ಲ. ಇದೇ ಸ್ಪರ್ಶಕ. 20 ಇಟ್ಟಾಗ ರೇಖೆ ಕೆಳಗೇ ಉಳಿಯಿತು. ಅತಿ ಹತ್ತಿರ ಬಂದದ್ದು ಮತ್ತೆ 32ರಲ್ಲೇ, ಅಲ್ಲೂ 4 ಮನೆ ಅಂತರ.

ಎರಡು, ಒಂದು, ಸೊನ್ನೆ. ಸೂತ್ರದಲ್ಲಿ ವರ್ಗಮೂಲದೊಳಗೆ ಕೂರುವ ಶೋಧಕ ಧನವಾದರೆ, ಸೊನ್ನೆಯಾದರೆ, ಋಣವಾದರೆ ಎಂದು ಗೈಡಿನಲ್ಲಿ ಮೂರು ಸಾಲು ಉರುಹೊಡೆದಿದ್ದರಲ್ಲ, ಆ ಮೂರು ಸಾಲು ಇವತ್ತು ಕೈಯಲ್ಲಿ ಹಿಡಿದು ಜರುಗಿಸುವ ವಸ್ತುವಾಯಿತು. ಕಾಗದ ಮೇಲೇರಿದಂತೆ ಎರಡು ಛೇದನ ಬಿಂದುಗಳು ಒಂದರ ಕಡೆಗೊಂದು ನಡೆದು, 32ರಲ್ಲಿ ಕೂಡಿ, ಕಾಣೆಯಾಗುತ್ತವೆ. ಎರಡು ಮೂಲಗಳ ಮೊತ್ತ ಸದಾ 64, ಅದರ ಅರ್ಧ 32. ಕಾಗದ ಎಲ್ಲಿಟ್ಟರೂ ಅವೆರಡರ ನಟ್ಟನಡುವೆ 32 ಇರುತ್ತದೆ.

ಕಾಣೆಯಾದ ಮೇಲೆ ಎಲ್ಲಿ ಹೋದವು ಎಂದು ಕೇಳಿದರು. ಮಹಾವೀರಾಚಾರ್ಯರ ಹೆಸರು ಹೇಳಿದೆ. 9ನೆಯ ಶತಮಾನ, ರಾಷ್ಟ್ರಕೂಟ ಅಮೋಘವರ್ಷನ ಕಾಲ, ಗಣಿತಸಾರಸಂಗ್ರಹದ ಕರ್ತೃ. ಆ ರಾಷ್ಟ್ರಕೂಟರ ರಾಜಧಾನಿ ಮಳಖೇಡ ಇಲ್ಲೇ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿದೆ. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವರು ಖಚಿತವಾಗಿ ಬರೆದಿದ್ದಾರೆ. ರೇಖೆ ಪರವಲಯವನ್ನು ತಪ್ಪಿಸಿಕೊಂಡು ಹೋದಾಗ ಸೂತ್ರದೊಳಗೆ ಉಳಿಯುವುದು ಅದೇ ಋಣಸಂಖ್ಯೆಯ ವರ್ಗಮೂಲ. ಸಂಕೀರ್ಣ ಸಂಖ್ಯೆಯ ಮಾತು ಪಿಯುಸಿಗೆ ಇರಲಿ ಎಂದು ಅಲ್ಲಿಗೇ ಬಿಟ್ಟೆ.

ನಾವು ಓದುವಾಗ ಪರವಲಯ ಮತ್ತು ಸರಳರೇಖೆಯನ್ನು ಒಂದೇ ಹಾಳೆಯಲ್ಲಿ ಎಳೆದು ವರ್ಗ ಸಮೀಕರಣ ಬಿಡಿಸುವ ಪ್ರಶ್ನೆ ಎಸ್ಸೆಸ್ಸೆಲ್ಸಿಯಲ್ಲಿ ಬರುತ್ತಿತ್ತು. ಈಗ ನಕ್ಷೆಯ ಪ್ರಶ್ನೆ ಎಂದರೆ ಎರಡು ಸರಳರೇಖೆಗಳದ್ದು. ಪರವಲಯ ಬಹುಪದೋಕ್ತಿಯ ಪಾಠದಲ್ಲಿ ಚಿತ್ರವಾಗಿ ಬಂದು ಹೋಗುತ್ತದೆ. ಹೊಸ ಪುಸ್ತಕದಲ್ಲಿ ಒಳ್ಳೆಯದು ಬಹಳ ಇದೆ. ಇದೊಂದನ್ನು ಮಾತ್ರ ಬಿಡಬಾರದಿತ್ತು.

ಡಿಸೆಂಬರ್ 5, ಗುರುವಾರ. ಬಸವಕಲ್ಯಾಣ

ರಾತ್ರಿ ಕರೆಂಟ್ ಹೋಯಿತು. ಮಗನನ್ನು ಕರೆದು ಗೋಡೆಯ ಮೇಲೆ ಟಾರ್ಚ್ ಬಿಡಿಸಿದೆ. ಟಾರ್ಚಿನಿಂದ ಹೊರಡುವ ಬೆಳಕು ಒಂದು ಶಂಕು, ಗೋಡೆ ಅದನ್ನು ಕತ್ತರಿಸುವ ಸಮತಲ. ನೇರ ಹಿಡಿದರೆ ವೃತ್ತ. ಮೇಲ್ಮುಖವಾಗಿ ವಾಲಿಸಿದರೆ ದೀರ್ಘವೃತ್ತ, ವಾಲಿಸಿದಷ್ಟೂ ಉದ್ದ. ಶಂಕುವಿನ ಮೇಲಂಚಿನ ಕಿರಣ ಗೋಡೆಗೆ ಸಮಾಂತರವಾದ ಆ ಒಂದು ಕೋನದಲ್ಲಿ ಆಕೃತಿಯ ತುದಿ ಮುಚ್ಚುವುದೇ ಇಲ್ಲ, ಚಾವಣಿಯ ಕಡೆಗೆ ತೆರೆದುಕೊಂಡೇ ಇರುತ್ತದೆ. ಅದು ಪರವಲಯ. ಕೂದಲೆಳೆಯಷ್ಟು ಹೆಚ್ಚು ವಾಲಿದರೂ ಅತಿಪರವಲಯ.

ಪರವಲಯ ಹುಟ್ಟಿದ್ದೇ ಛೇದನದಿಂದ. ಗ್ರೀಕರ ಅಪೊಲೋನಿಯಸ್ ಈ ಶಂಕುಚ್ಛೇದಗಳ ಮೇಲೆ ಎಂಟು ಪುಸ್ತಕ ಬರೆದ, ಏಳು ನಮಗೆ ದಕ್ಕಿವೆ. ಕರೆಂಟ್ ಬಂತು, ಮಗ ಓಡಿದ.

ಡಿಸೆಂಬರ್ 8, ಭಾನುವಾರ. ರಾಜೇಶ್ವರ, ಬಸವಕಲ್ಯಾಣ

ತಮ್ಮನ ಹೊಲಕ್ಕೆ ಹೋಗಿದ್ದೆ. ತೊಗರಿ ಕಾಯಿ ಬಲಿತಿದೆ. ಕಡಲೆಗೆ ಸ್ಪ್ರಿಂಕ್ಲರ್ ಹಚ್ಚಿದ್ದ. ಪಕ್ಕಪಕ್ಕದ ಎರಡು ಜೆಟ್ಟುಗಳ ನೀರು ಗಾಳಿಯಲ್ಲಿ ಒಂದನ್ನೊಂದು ದಾಟಿ ಬೀಳುತ್ತಿತ್ತು. ಹಾಗೆ ದಾಟಲೇಬೇಕು, ಇಲ್ಲದಿದ್ದರೆ ನಡುವೆ ಒಣ ಪಟ್ಟೆ ಉಳಿಯುತ್ತದೆ ಎಂದ. ಅವನು ಪೈಪು ಜೋಡಿಸುವ ಅಂತರ ಆ ಲೆಕ್ಕದ್ದೇ.

ಬೋರಿನ ಹತ್ತಿರ ಬಿಡಿ ಪೈಪೊಂದಿತ್ತು. ಅದರ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು, ಒತ್ತಡ ಬದಲಿಸದೆ, ಕೋನ ಮಾತ್ರ ನಿಧಾನಕ್ಕೆ ಏರಿಸುತ್ತ ಹೋದೆ. ನೀರು ಬೀಳುವ ಜಾಗ ದೂರ ದೂರ ಹೋಯಿತು, 45 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತು, ಆಮೇಲೆ ಹಿಂದಕ್ಕೆ ಬಂತು. ತಮ್ಮ ನೋಡುತ್ತಿದ್ದವನು ಹೇಳಿದ: "ಅಕ್ಕಾ, ತಗ್ಗಿಸಿ ಹಿಡಿದ್ರೂ ಆ ಕಲ್ಲಿಗೇ ಬೀಳ್ತದ, ಎತ್ತಿ ಹಿಡಿದ್ರೂ ಆ ಕಲ್ಲಿಗೇ ಬೀಳ್ತದ. ಎತ್ತಿ ಹಿಡಿದ್ರ ಗಾಳಿಗೆ ಚದುರ್ತದ ನೋಡು."

ಮತ್ತೆ ಅದೇ ಎರಡು, ಒಂದು, ಸೊನ್ನೆ. ಗಾಳಿಯ ತಡೆ ಬದಿಗಿಟ್ಟರೆ 30 ಡಿಗ್ರಿಯ ಧಾರೆಯೂ 60 ಡಿಗ್ರಿಯ ಧಾರೆಯೂ ನೆಲದ ಒಂದೇ ಬಿಂದುವನ್ನು ಮುಟ್ಟುತ್ತವೆ, ಏಕೆಂದರೆ ಎರಡು ಕೋನಗಳ ಮೊತ್ತ 90. ಆ ಬಿಂದು 45ರ ಗಡಿಯಲ್ಲಿದ್ದರೆ ದಾರಿ ಒಂದೇ. ಗಡಿಯಾಚೆ ದಾರಿಯೇ ಇಲ್ಲ. ನೆಲಕ್ಕೆ ಮಾತ್ರವಲ್ಲ, ಗಾಳಿಯಲ್ಲಿರುವ ಬಿಂದುಗಳಿಗೂ ಇದೇ ನಿಯಮ. ಒಂದೇ ಪೈಪಿನಿಂದ ಒಂದೇ ವೇಗದಲ್ಲಿ, ಒಂದೇ ಲಂಬ ಸಮತಲದಲ್ಲಿ, ಎಲ್ಲ ಕೋನಗಳಿಗೂ ಧಾರೆ ಬಿಟ್ಟರೆ ಅಷ್ಟೂ ಪರವಲಯಗಳನ್ನು ಹೊರಗಿನಿಂದ ಸುತ್ತುವರಿಯುವ ಒಂದು ಅಂಚು ಮೂಡುತ್ತದೆ. ಆ ಅಂಚೂ ಪರವಲಯವೇ. ಪೈಪಿನ ಬಾಯಿ ಅದರ ನಾಭಿ. ಅಂಚಿನ ಒಳಗಿನ ಯಾವ ಬಿಂದುವಿನಲ್ಲೂ ಎರಡು ಧಾರೆಗಳು ಒಂದನ್ನೊಂದು ಕತ್ತರಿಸುತ್ತವೆ, ಅಂಚಿನ ಮೇಲಿನ ಬಿಂದುವಿಗೆ ಒಂದೇ ಧಾರೆ ತಾಗುತ್ತದೆ, ಹೊರಗೆ ಯಾವುದೂ ತಲುಪುವುದಿಲ್ಲ. ಗ್ಯಾಲಿಲಿಯೋನ ಶಿಷ್ಯ ಟೊರಿಚೆಲ್ಲಿ ಇದನ್ನು ಕಂಡುಕೊಂಡವನು.

ಸಂಜೆ ಬಸವಕಲ್ಯಾಣದ ಕೋಟೆಗೆ ಹೋದೆ. ಬುರುಜಿನ ಮೇಲಿನ ತೋಪಿನ ಪಕ್ಕ ನಿಂತಾಗ ಅದೇ ತಲೆಯಲ್ಲಿ. ಇಲ್ಲಿ ನಿಂತ ಗೋಲಂದಾಜನಿಗೂ ಒಂದೇ ಗುರಿಗೆ ಎರಡು ಏರುಕೋನಗಳಿದ್ದವು. ಎದುರಿಗೆ ಕಾಣುವುದಕ್ಕೆ ಹೊಡೆಯಲು ತಗ್ಗಿನ ದಾರಿ, ಮರೆ ದಾಟಿಸಿ ಆಚೆ ಬೀಳಿಸಲು ಎತ್ತರದ ದಾರಿ. ಎಸೆದ ವಸ್ತುವಿನ ದಾರಿ ಪರವಲಯ ಎಂದು ಗ್ಯಾಲಿಲಿಯೋ ಅಚ್ಚು ಹಾಕಿಸಿದ್ದು 1638ರಲ್ಲಿ. ಕೆಲಸ ಮಾಡುವ ಕೈಗೆ ಮೊದಲೇ ಗೊತ್ತಿದ್ದದ್ದಕ್ಕೆ ಗಣಿತ ಆಮೇಲೆ ಕಾರಣ ಕೊಟ್ಟಿತು, ಇವತ್ತು ನನ್ನ ತಮ್ಮನ ಮಾತಿಗೆ ಕೊಟ್ಟಂತೆ.

ಡಿಸೆಂಬರ್ 12, ಗುರುವಾರ

ಭಾಸ್ಕರರ ಎರಡನೆಯ ಕೋತಿ ಲೆಕ್ಕ. ಹಿಂಡಿನ ಐದನೆಯ ಒಂದು ಪಾಲಿನಿಂದ 3 ಕಳೆದು, ಉಳಿದದ್ದರ ವರ್ಗದಷ್ಟು ಕೋತಿಗಳು ಗುಹೆ ಹೊಕ್ಕವು. ಹೊರಗೆ ಕಾಣುವುದು 1. ಉತ್ತರ 50 ಮತ್ತು 5. ಇಲ್ಲಿ ಭಾಸ್ಕರರು 5ನ್ನು ಒಪ್ಪುವುದಿಲ್ಲ. 5ರ ಐದನೇ ಒಂದು ಪಾಲು 1, ಅದರಿಂದ 3 ಕಳೆದರೆ ಋಣ 2. ಅದರ ವರ್ಗ 4, ಹೊರಗಿನ 1 ಸೇರಿ 5 ಆಗುವುದೇನೋ ಸರಿ. ಆದರೆ ಋಣ 2 ಕೋತಿ ಎಂದರೆ ಜನ ನಂಬುವುದಿಲ್ಲ ಎನ್ನುವುದು ಅವರ ತೀರ್ಮಾನ.

ನಕ್ಷೆಯಲ್ಲಿ ಇದು ಚೆಂದ ಕಾಣುತ್ತದೆ. ಪರವಲಯದ ಶೃಂಗ 15ರಲ್ಲಿದೆ. 50 ಅದರ ಬಲತೋಳಿನ ಮೇಲೆ, 5 ಎಡತೋಳಿನ ಮೇಲೆ. ಎಡತೋಳಿನ ಉದ್ದಕ್ಕೂ ವರ್ಗಕ್ಕೆ ಮೊದಲಿನ ಸಂಖ್ಯೆ ಋಣ. ರೇಖೆ ಎಡತೋಳನ್ನೂ ಕತ್ತರಿಸುತ್ತದೆ, ಬಿಂದು ಅಲ್ಲಿದೆ, ಆ ಬಿಂದುವಿಗೆ ತಕ್ಕ ಹಿಂಡು ಮಾತ್ರ ಕಾಡಿನಲ್ಲಿಲ್ಲ. ಛೇದನ ಬಿಂದು ಕೊಡುವುದು ಗಣಿತ, ಅದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಹೇಳುವುದು ಲೆಕ್ಕದ ಸಂದರ್ಭ. ಮೊದಲ ಲೆಕ್ಕದಲ್ಲಿ ಎರಡನ್ನೂ ಇಟ್ಟುಕೊಂಡ ಮನುಷ್ಯ ಎರಡನೆಯದರಲ್ಲಿ ಒಂದನ್ನು ಬಿಟ್ಟದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಉತ್ತರಪತ್ರಿಕೆಯಲ್ಲಿ ಕಾರಣ ಬರೆಯದೆ ಋಣ ಉತ್ತರ ಹೊಡೆದುಹಾಕುವ ಮಕ್ಕಳಿಗೆ ಇವತ್ತಿನಿಂದ ಕಾರಣ ಕೇಳುವೆ.

ಡಿಸೆಂಬರ್ 14, ಶನಿವಾರ

ದತ್ತ ಜಯಂತಿ. ಮಾಣಿಕನಗರದ ಜಾತ್ರೆ. ಮಾಣಿಕ ಪ್ರಭುಗಳು 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದರು, ನೆಲೆಸಿದ್ದು ಹುಮನಾಬಾದಿನಲ್ಲಿ. ಹಾಗಾಗಿ ಎರಡೂ ಊರಿನವರಿಗೆ ಈ ಜಾತ್ರೆ ಮನೆಯದು. ತರಗತಿ ಅರ್ಧ ಖಾಲಿ.

ಮರಳುವಾಗ ಬಸ್ಸಿನಲ್ಲಿ ರಸ್ತೆ ಸರ್ವೆ ಕೆಲಸದ ಹುಡುಗನೊಬ್ಬ ಪಕ್ಕದಲ್ಲಿ ಕೂತಿದ್ದ. ಹುಮನಾಬಾದ್ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಊರು: ಪುಣೆ–ಹೈದರಾಬಾದಿನ 65, ಬೀದರಿನಿಂದ ಕಲಬುರಗಿಗೆ ಇಳಿಯುವ 50. ಮಾತು ಕೂಡುರಸ್ತೆಯಿಂದ ಶುರುವಾಗಿ ಏರುರಸ್ತೆಗೆ ಬಂತು. ರಸ್ತೆ ಏರಿ ಇಳಿಯುವ ನೆತ್ತಿಯನ್ನು ಪರವಲಯವಾಗಿಯೇ ಕಟ್ಟುತ್ತಾರಂತೆ, ಕೋಡ್ ಹೇಳುವುದೇ ಹಾಗೆ. ನನ್ನ ಟಿಕೆಟಿನ ಹಿಂದೆ ಚಿತ್ರ ಬರೆದು ತೋರಿಸಿದ. ಏರಿನದೊಂದು ಸರಳರೇಖೆ, ಇಳಿಜಾರಿನದೊಂದು. ಎರಡನ್ನೂ ಮುಂದುವರಿಸಿದರೆ ರಸ್ತೆಯ ಮೇಲೆ ಗಾಳಿಯಲ್ಲಿ ಒಂದು ಕಡೆ ಕೂಡುತ್ತವೆ. ಅದಕ್ಕೆ ಅವರು 'ಇಂಟರ್‌ಸೆಕ್ಷನ್ ಪಾಯಿಂಟ್' ಅನ್ನುತ್ತಾರೆ. ರಸ್ತೆ ಆ ಬಿಂದುವಿಗೆ ಎಂದೂ ಹೋಗುವುದಿಲ್ಲ. ಆದರೆ ಅದು ಗೊತ್ತಾಗದೆ ರಸ್ತೆ ಹುಟ್ಟುವುದೇ ಇಲ್ಲ. ಲೆಕ್ಕವೆಲ್ಲ ಅಲ್ಲಿಂದ ಶುರು.

ಮನೆಗೆ ಬಂದು ಸಂಖ್ಯೆ ಹಾಕಿ ನೋಡಿದೆ. ಏರು 100ಕ್ಕೆ 3, ಇಳಿಜಾರೂ 100ಕ್ಕೆ 3, ವಕ್ರದ ಉದ್ದ 200 ಮೀಟರ್ ಎಂದುಕೊಂಡರೆ, ಎರಡು ರೇಖೆಗಳು ಕೂಡುವ ಬಿಂದು ವಕ್ರದ ಎರಡು ತುದಿಗಳನ್ನು ಸೇರಿಸುವ ಜ್ಯಾದಿಂದ 3 ಮೀಟರ್ ಮೇಲಿದೆ. ರಸ್ತೆಯ ನೆತ್ತಿ ಸರಿಯಾಗಿ ಒಂದೂವರೆ ಮೀಟರಿನಲ್ಲಿ ಹಾಯುತ್ತದೆ. ಇದು ಎಲ್ಲ ಪರವಲಯಗಳ ಗುಣ: ಎರಡು ಸ್ಪರ್ಶಕಗಳು ಕೂಡುವ ಬಿಂದುವಿನಿಂದ ಜ್ಯಾದ ಮಧ್ಯಬಿಂದುವಿಗೆ ಗೆರೆ ಎಳೆದರೆ ಪರವಲಯ ಆ ಗೆರೆಯನ್ನು ನಟ್ಟನಡುವೆ ಕತ್ತರಿಸುತ್ತದೆ. ಪರವಲಯವನ್ನೇ ಏಕೆ ಆರಿಸಿದರು ಎಂಬುದಕ್ಕೂ ಕಾರಣ ಸ್ಪಷ್ಟ. ಅದರ ಮೇಲೆ ಏರಿಳಿತದ ಪ್ರಮಾಣ ಸಮನಾಗಿ ಬದಲಾಗುತ್ತ ಹೋಗುತ್ತದೆ, ಗಾಡಿ ಎತ್ತಿಹಾಕಿದಂತಾಗುವುದಿಲ್ಲ.

ಡಿಸೆಂಬರ್ 17, ಮಂಗಳವಾರ

ರೇಖೆ ಪರವಲಯವನ್ನು ಹೆಚ್ಚೆಂದರೆ ಎರಡು ಕಡೆ ಕತ್ತರಿಸುತ್ತದೆ. ಎರಡು ಪರವಲಯಗಳು ಒಂದನ್ನೊಂದು? ನಾಲ್ಕು ಕಡೆ. ಒಂದು ಮೇಲಕ್ಕೆ ಬಾಯಿ ತೆರೆದದ್ದು: ಎಕ್ಸ್‌ನ ವರ್ಗದಿಂದ 3 ಕಳೆದರೆ ವೈ. ಇನ್ನೊಂದು ಬಲಕ್ಕೆ ಬಾಯಿ ತೆರೆದದ್ದು: ವೈನ ವರ್ಗದಿಂದ 3 ಕಳೆದರೆ ಎಕ್ಸ್. ಇವು ನಾಲ್ಕು ಕಡೆ ಕೂಡುತ್ತವೆ. ಎರಡು ಬಿಂದುಗಳು ಪೂರ್ಣಾಂಕದ ಮೇಲೆ ಸಿಗುತ್ತವೆ, ಉಳಿದೆರಡು ಸುಮಾರು 2.3, 2.3 ಮತ್ತು ಋಣ 1.3, ಋಣ 1.3.

ಆ ನಾಲ್ಕನ್ನು ಗುರುತಿಸಿ ಮುಗಿಸಬೇಕೆಂದಿದ್ದೆ. ಕಿಟಕಿ ಪಕ್ಕದ ಹುಡುಗಿ ಕೈವಾರ ತೆಗೆದು, ಎರಡೂ ಅಕ್ಷಗಳಲ್ಲಿ ಅರ್ಧ ಇರುವ ಬಿಂದುವಿನಲ್ಲಿ ಮುಳ್ಳಿಟ್ಟು, ಎರಡೂವರೆಗೆ ತುಸು ಹೆಚ್ಚು ತ್ರಿಜ್ಯದಲ್ಲಿ ತಿರುಗಿಸಿದಳು. ನಾಲ್ಕೂ ಬಿಂದುಗಳು ಒಂದೇ ವೃತ್ತದ ಮೇಲೆ! ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಕಣ್ಣಿಗೆ ದುಂಡಗ ಕಂಡ್ವು ಮೇಡಂ" ಎಂದಳು. ಎರಡು ಸಮೀಕರಣಗಳನ್ನು ಕೂಡಿಸಲು ಹೇಳಿದೆ. ಕೂಡಿಸಿದಾಗ ಎಕ್ಸ್ ವರ್ಗ, ವೈ ವರ್ಗ ಎರಡೂ ಒಂದೇ ಕಡೆ ಬಂದು ವೃತ್ತದ ಸಮೀಕರಣ ನಿಂತಿತು. ಅಕ್ಷಗಳು ಪರಸ್ಪರ ಲಂಬವಾಗಿರುವ ಎರಡು ಪರವಲಯಗಳು ನಾಲ್ಕು ಕಡೆ ಕತ್ತರಿಸಿದರೆ ಯಾವಾಗಲೂ ಹೀಗೇ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇಂಥ ದಿನಗಳು ಹೆಚ್ಚಿಲ್ಲ.

ಡಿಸೆಂಬರ್ 21, ಶನಿವಾರ

ನಾಳೆ ರಾಮಾನುಜನ್ ಹುಟ್ಟಿದ ದಿನ, ಭಾನುವಾರ ಬಂದದ್ದರಿಂದ ಗಣಿತ ದಿನವನ್ನು ಇವತ್ತೇ ಮಾಡಿದೆವು. ಭಾಷಣ ಬೇಡವೆಂದು ಮೀಟರ್ ಉದ್ದ, ಮೀಟರ್ ಅಗಲದ ಪ್ಲೈವುಡ್ ತರಿಸಿ ಮಕ್ಕಳಿಂದ ಮೊಳೆ ಹೊಡೆಸಿದೆ. ನಡುವೆ ಒಂದು ಕಂಬಗೆರೆ, ಅದರ ಮೇಲೆ 1ರಿಂದ 100. ಎಡಕ್ಕೂ ಬಲಕ್ಕೂ 2ರಿಂದ 10ರವರೆಗಿನ ಸಂಖ್ಯೆಗಳಿಗೆ ಅವುಗಳ ವರ್ಗದ ಎತ್ತರದಲ್ಲಿ ಮೊಳೆ. ಮೊಳೆಗಳೆಲ್ಲ ಒಂದು ಪರವಲಯದ ಮೇಲೆ. ಎಡದ 3ರಿಂದ ಬಲದ 4ಕ್ಕೆ ದಾರ ಬಿಗಿದರೆ ಅದು ಕಂಬಗೆರೆಯನ್ನು 12ರಲ್ಲಿ ಕತ್ತರಿಸುತ್ತದೆ. 6ರಿಂದ 7ಕ್ಕೆ ಬಿಗಿದರೆ 42ರಲ್ಲಿ. ಗುಣಾಕಾರವೆಲ್ಲ ಛೇದನವಾಗಿ ಸಿಗುತ್ತದೆ. ಐದನೆಯ ತರಗತಿಯವರೂ ದಾರ ಹಿಡಿದು ಸರದಿಗೆ ನಿಂತರು.

ಎಲ್ಲ ದಾರಗಳನ್ನೂ ಬಿಗಿದ ಮೇಲೆ ಕಂಬಗೆರೆಯನ್ನು ಕೆಳಗಿನಿಂದ ನೋಡುತ್ತ ಬರಲು ಹೇಳಿದೆ. 20ರವರೆಗೆ, 1ನ್ನು ಬಿಟ್ಟರೆ, ದಾರ ಮುಟ್ಟದ ಸಂಖ್ಯೆಗಳು 2, 3, 5, 7, 11, 13, 17, 19. ಅವಿಭಾಜ್ಯಗಳು. ರಷ್ಯದ ಗಣಿತಜ್ಞರಾದ ಮತಿಯಾಸೆವಿಚ್ ಮತ್ತು ಸ್ಟೆಚ್‌ಕಿನ್ ತೋರಿಸಿಕೊಟ್ಟ ಜರಡಿ ಇದು. ಒಬ್ಬ ಪುಟ್ಟ ಹುಡುಗ 22ರ ಮೇಲೆ ಬೆರಳಿಟ್ಟು, "ಇದೂ ಖಾಲಿ ಅದರಿ, ಇದೂ ಅವಿಭಾಜ್ಯ ಏನ್ರಿ?" ಎಂದ. ನಾನು ಬಾಯಿ ತೆರೆಯುವ ಮೊದಲೇ ಹತ್ತನೆಯ ತರಗತಿಯವನೊಬ್ಬ ಹೇಳಿದ: "ಅಲ್ಲೋ, ಎರಡು ಹನ್ನೊಂದಲಿ ಇಪ್ಪತ್ತೆರಡು. ಹನ್ನೊಂದರ ಮೊಳೀನೇ ನಾವು ಹೊಡದಿಲ್ಲ."

ಡಿಸೆಂಬರ್ 23, ಸೋಮವಾರ

ಸ್ಟಾಫ್ ರೂಮಿನಲ್ಲಿ ಒಬ್ಬ ಸಹೋದ್ಯೋಗಿ ಕೇಳಿದರು, ಇದೆಲ್ಲ ಪರೀಕ್ಷೆಗೆ ಬರುತ್ತದೆಯೇ ಎಂದು. ಬರುವುದಿಲ್ಲ. ಪಾಸಾಗುವುದೇ ಕಷ್ಟವಾದ ಮಕ್ಕಳಿಗೆ ಸೂತ್ರ ಮೊದಲು ಬೇಕು ಎಂಬ ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಸೂತ್ರ ಮರೆತ ಮಗು ಪರೀಕ್ಷೆಯಲ್ಲಿ ಪೆನ್ನು ಕಚ್ಚುತ್ತ ಕೂರುತ್ತದೆ. ಎರಡು ಗೆರೆ ಎಲ್ಲಿ ಕೂಡುತ್ತವೆ ಎಂದು ಒಮ್ಮೆ ಕಂಡ ಮಗು ಕೋಷ್ಟಕ ಹಾಕಿಯಾದರೂ ಉತ್ತರದ ಹತ್ತಿರ ಬರುತ್ತದೆ. ಪರವಲಯಕ್ಕೆ ಒಂದು ಪಿರಿಯಡ್ ಕೊಡಿ ಎಂದು ಕ್ಲಸ್ಟರ್ ಸಭೆಯಲ್ಲಿ ಕೇಳಬೇಕೆಂದಿದ್ದೇನೆ.

ಮಧ್ಯಾಹ್ನ ಕೈವಾರದ ಹುಡುಗಿ ಬಂದು ಇನ್ನೊಂದು ಲೆಕ್ಕ ಕೊಡಿ ಎಂದಳು. ಗ್ರೀಕರ ಮೆನೆಕ್ಮಸ್‌ನದು ಕೊಟ್ಟೆ. ಒಂದು ಘನದ ಎರಡರಷ್ಟು ಗಾತ್ರದ ಘನ ಕಟ್ಟಲು ಬದಿ ಎಷ್ಟಿರಬೇಕು? ಅಳತೆಯ ಗುರುತಿಲ್ಲದ ನೇರಪಟ್ಟಿ ಮತ್ತು ಕೈವಾರ ಎರಡರಿಂದಲೇ ಅದು ಆಗದು ಎಂದು ಗಣಿತಜ್ಞ ವಾಂಟ್ಜೆಲ್ 1837ರಲ್ಲಿ ಸಾಧಿಸಿದ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲೇ ಮೆನೆಕ್ಮಸ್ ಎರಡು ಪರವಲಯಗಳನ್ನು ಛೇದಿಸಿ ಅದನ್ನು ಪಡೆದಿದ್ದ. ಒಂದರಲ್ಲಿ ಎಕ್ಸ್ ವರ್ಗ ವೈಗೆ ಸಮ, ಇನ್ನೊಂದರಲ್ಲಿ ವೈ ವರ್ಗ ಎಕ್ಸ್‌ನ ಎರಡರಷ್ಟಕ್ಕೆ ಸಮ. ಮೂಲಬಿಂದು ಬಿಟ್ಟರೆ ಅವು ಕೂಡುವುದು ಒಂದೇ ಕಡೆ. ಅವಳು 1 ಸೆಂಟಿಮೀಟರಿಗೆ 0.1 ಮಾನ ಇಟ್ಟುಕೊಂಡು, ಎರಡು ಗ್ರಾಫ್ ಹಾಳೆ ಅಂಟಿಸಿ, ನಿಧಾನಕ್ಕೆ ಎಳೆದಳು. ಹಾಳೆಯ ಮೇಲೆ ಅವಳು ಓದಿದ್ದು 1.26. ಕ್ಯಾಲ್ಕುಲೇಟರಿನಲ್ಲಿ 2ರ ಘನಮೂಲ 1.2599.